ಸ್ವಿಟ್ಜರ್ಲೆಂಡಿನ ಸಭೆ, ನಮ್ಮೂರ ಗಾಯರಾಣ

ನಾನು ಸ್ವಿಟ್ಜರ್ಲೆಂಡಿಗೆ ಹೋಗಿ ಬಂದದ್ದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತು. ಯಾಕೆ ಹೋದೆ ಎಂಬುದಕ್ಕೆ ಮಾತ್ರ ಮೂರು ಕಥೆಗಳಿವೆ. ಒಂದರ ಪ್ರಕಾರ ಯಾವುದೋ ಕಂಪನಿ ನನ್ನನ್ನು ಕರೆದೊಯ್ದಿತ್ತು. ಇನ್ನೊಂದರ ಪ್ರಕಾರ ನಾನು ಅಲ್ಲೇ ಉಳಿಯಲು ಹೋಗಿದ್ದೆ, ಅವರು ಬೇಡವೆಂದು ವಾಪಸ್ ಕಳಿಸಿದರು. ಮೂರನೆಯದನ್ನು ಬರೆಯಲು ನಾಚಿಕೆ. ಮೂರನ್ನೂ ಬೇರೆ ಬೇರೆ ದನಿಗಳಲ್ಲಿ ಫೋನಿನಲ್ಲೇ ಕೇಳಿದ್ದೇನೆ. ಕೇಳಿ ಕೇಳಿ ಸಾಕಾಗಿ, ನಡೆದದ್ದನ್ನು ನಾನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಶರಣಮ್ಮ. ತವರು ಯಲಬುರ್ಗಾ ಕಡೆ. ಕೊಟ್ಟ ಮನೆ ಕುಷ್ಟಗಿ ತಾಲೂಕಿನ ಒಂದು ಹಳ್ಳಿ. ಅಲ್ಲಿಯ ಪಂಚಾಯಿತಿಗೆ ಈಗ ನಾನು ಅಧ್ಯಕ್ಷೆ. ಪಂಚಾಯಿತಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಬೇರೆ ದೇಶದ ಹಳ್ಳಿಗಳ ಕಾರುಬಾರು ತೋರಿಸುವ ಒಂದು ಸಂಸ್ಥೆ ನಮ್ಮ ಜಿಲ್ಲೆಯಿಂದ ಇಬ್ಬರನ್ನು ಆರಿಸಿತ್ತು. ಒಬ್ಬಳು ನಾನು. ಇನ್ನೊಬ್ಬಳು ಗಂಗಾವತಿಯಾಚೆ ಸಿದ್ದಾಪುರದ ಕಡೆಯ ನಾಗವೇಣಿ, ಭತ್ತದ ನಾಡಿನವಳು, ನನಗಿಂತ ಹತ್ತು ವರ್ಷ ಚಿಕ್ಕವಳು, ಬಾಯಿ ಮಾತ್ರ ನನಗಿಂತ ದೊಡ್ಡದು.

ವಿಮಾನ ಇಳಿದಾಗ

ಊಟ ಸಿಗುತ್ತದೋ ಇಲ್ಲವೋ ಎಂಬ ಹೆದರಿಕೆಗೆ ನಾನು ಒಂದು ಚೀಲದ ತುಂಬ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಒಯ್ದಿದ್ದೆ. ವಿಮಾನ ನಿಲ್ದಾಣದಲ್ಲಿ ಸಮವಸ್ತ್ರ ತೊಟ್ಟ ಹೆಣ್ಣುಮಗಳೊಬ್ಬಳು ಗುರೆಳ್ಳು ಪುಡಿಯ ಪೊಟ್ಟಣವನ್ನು ಎತ್ತಿ ಹಿಡಿದು, ಇದೇನು ಎಂದು ಕೇಳಿದಳು. ಕರಿ ಪುಡಿ, ಮೇಲೆ ಹೆಸರಿಲ್ಲ, ಚೀಟಿಯಿಲ್ಲ. ನನಗೆ ಬರುವ ಇಂಗ್ಲಿಷಿನಲ್ಲಿ ಗುರೆಳ್ಳಿಗೆ ಶಬ್ದವಿರಲಿಲ್ಲ. ನಾಗವೇಣಿ ಮುಂದೆ ಬಂದು ಒಂದು ಚಿಟಿಕೆ ತೆಗೆದು ತನ್ನ ನಾಲಿಗೆಯ ಮೇಲೆ ಹಾಕಿಕೊಂಡು ಚಪ್ಪರಿಸಿ ತೋರಿಸಿದಳು. ಆಕೆ ಪೊಟ್ಟಣಕ್ಕೆ ಮೂಗು ಹತ್ತಿರ ತಂದು ಮೂರು ಸಲ ಸೀನಿ, ಕೈ ಬೀಸಿ ನಮ್ಮನ್ನು ಬಿಟ್ಟಳು.

"ಒಂದು ರೊಟ್ಟಿ ಮುರದು ಕೊಡಬೇಕಿತ್ತಕ್ಕಾ, ಬರೇ ಚಟ್ನಿ ಯಾರ್ ತಿಂತಾರ" ಎಂದು ನಾಗವೇಣಿ ಹೊರಗೆ ಬಂದ ಮೇಲೂ ಮರುಗುತ್ತಿದ್ದಳು.

ಹೊರಗೆ ನಮಗಾಗಿ ವೀಣಾ ಕಾಯುತ್ತಿದ್ದರು. ಮೈಸೂರಿನವರು, ಮದುವೆಯಾಗಿ ಅಲ್ಲೇ ನೆಲೆಸಿದವರು, ಒಂದು ವಾರ ನಮಗೆ ದುಭಾಷಿ. ಅವರ ಕನ್ನಡ ನಮಗೂ ನಮ್ಮ ಕನ್ನಡ ಅವರಿಗೂ ಅರ್ಥವಾಗಲು ಅರ್ಧ ದಿನ ಹಿಡಿಯಿತು.

ಮಾರ್ಗ್ರಿಟ್ ಅವರ ಮನೆ

ನಮ್ಮನ್ನು ಇಳಿಸಿದ್ದು ಒಂದು ಸಣ್ಣ ಹಳ್ಳಿಯಲ್ಲಿ, ಮಾರ್ಗ್ರಿಟ್ ಎಂಬ ಎಪ್ಪತ್ತು ದಾಟಿದ ಹೆಂಗಸಿನ ಮನೆಯಲ್ಲಿ. ಮೊದಲ ದಿನ ನನಗೆ ವಿಚಿತ್ರವೆನಿಸಿದ್ದು ಆ ಊರಿನ ಮೌನ. ಧ್ವನಿವರ್ಧಕವಿಲ್ಲ, ತರಕಾರಿ ಗಾಡಿಯ ಕೂಗಿಲ್ಲ, ಬೈಗುಳವೂ ಇಲ್ಲ. ಸದ್ದು ಮಾಡುವ ಹಕ್ಕು ಆಕಳುಗಳಿಗೆ ಮಾತ್ರ. ನಮ್ಮ ಮನೆಯ ತಂಬಿಗೆಯಷ್ಟು ದೊಡ್ಡ ಗಂಟೆ ಕಟ್ಟಿಕೊಂಡು ಅವು ಹುಲ್ಲುಗಾವಲಿನಲ್ಲಿ ಮೇಯುತ್ತಿದ್ದವು. ಹಾದಿಯಲ್ಲಿ ಎದುರಾದವರೆಲ್ಲ ಗುರುತಿಲ್ಲದಿದ್ದರೂ ನಮಸ್ಕಾರ ಹೇಳಿ ಹೋಗುತ್ತಿದ್ದರು. ಆದರೆ ಯಾರೊಬ್ಬರೂ ನಿಂತು, ಯಾವೂರು, ಎಷ್ಟು ಮಕ್ಕಳು, ಮನೆಯವರು ಏನು ಮಾಡುತ್ತಾರೆ ಎಂದು ಕೇಳಲಿಲ್ಲ. ಕುಷ್ಟಗಿಯ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ಕೂತರೆ ನಾಲ್ಕು ಜನರಿಗೆ ನನ್ನ ವಂಶಾವಳಿ ಗೊತ್ತಾಗುತ್ತದೆ. ಇಲ್ಲಿ ಒಂದು ವಾರ ನಡೆದಾಡಿದರೂ ನಾನು ಸೀರೆಯುಟ್ಟ ಒಬ್ಬ ಹೆಂಗಸು, ಅಷ್ಟೆ.

ಮಾರ್ಗ್ರಿಟ್ ಊಟದ ಮೇಜಿನ ಮೇಲೆ ಒಂದು ತೆಳ್ಳನೆಯ ಪುಸ್ತಿಕೆ ಇಟ್ಟುಕೊಂಡು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಊರ ಸಭೆಯಲ್ಲಿ ಏನೇನು ಚರ್ಚೆಗೆ ಬರುತ್ತದೆ, ಅದರ ಪರವಾಗಿ ಏನು, ವಿರುದ್ಧವಾಗಿ ಏನು ಎಂದು ಅಚ್ಚು ಹಾಕಿ ಮನೆಮನೆಗೆ ಮೊದಲೇ ಕಳಿಸುತ್ತಾರಂತೆ. ಈ ಸಲದ ಮುಖ್ಯ ವಿಷಯ ಶಾಲೆಯ ಮುಂದಿನ ರಸ್ತೆ. ಅಲ್ಲಿ ಗಾಡಿಗಳು ನಿಧಾನ ಹೋಗಬೇಕೆಂದು ನಿಯಮ ಮಾಡಿಸಲು ಮಾರ್ಗ್ರಿಟ್ ಎರಡು ವರ್ಷದಿಂದ ಓಡಾಡಿದ್ದರು.

"ಇದನ್ನ ಎಲ್ಲಾರೂ ಓದ್ತಾರೇನ್ರಿ?" ಎಂದು ನಾಗವೇಣಿ ಕೇಳಿದಳು. ವೀಣಾ ಅದನ್ನು ಅವರ ಭಾಷೆಗೆ ತಿರುಗಿಸಿದಾಗ ಮಾರ್ಗ್ರಿಟ್ ಜೋರಾಗಿ ನಕ್ಕರು.

"ಎದುರು ಮನೆಯವರು ಇದರಲ್ಲಿ ಬೂಟು ಒರೆಸ್ಕೋತಾರಂತೆ" ಎಂದರು ವೀಣಾ. "ಸಭೆಗೆ ಬರೋದೂ ಮುದುಕರೇ ಜಾಸ್ತಿ ಅಂತಾರೆ."

ನನಗೆ ಸ್ವಲ್ಪ ಸಮಾಧಾನವಾಯಿತು, ಅದನ್ನೇನು ಮುಚ್ಚಿಡಲಿ.

ಊರ ಸಭೆ

ಸಭೆ ಸಂಜೆ ಎಂಟಕ್ಕೆ, ಶಾಲೆಯ ಆಟದ ಕೋಣೆಯಲ್ಲಿ. ಜೂನ್ ತಿಂಗಳಾದ್ದರಿಂದ ಎಂಟಾದರೂ ಕಿಟಕಿಯಲ್ಲಿ ಬಿಸಿಲಿತ್ತು. ಮತವಿಲ್ಲದ ಅತಿಥಿಗಳಿಗೆ ಗೋಡೆಯ ಪಕ್ಕ ಬೇರೆ ಬೆಂಚು. ನಾಗವೇಣಿ, ವೀಣಾ ಅಲ್ಲಿ ಕೂತರು. ಮಾರ್ಗ್ರಿಟ್ ಒಬ್ಬರೇ ಕೂತಿದ್ದನ್ನು ನೋಡಿ ನನಗೆ ಸರಿಬರಲಿಲ್ಲ. ಉಂಡ ಮನೆಯ ಹಿರಿಯಳನ್ನು ಒಂಟಿಯಾಗಿ ಬಿಟ್ಟು ದೂರ ಕೂಡುವುದು ನಮ್ಮಲ್ಲಿ ಚೆನ್ನಾಗಿ ಕಾಣುವುದಿಲ್ಲ. ಎದ್ದು ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಬೆಂಚು ಬಿಟ್ಟು ಏಳಬೇಡಿ ಎಂದು ಅವರು ಹೇಳಿಕೊಟ್ಟಿದ್ದ ಒಂದೇ ನಿಯಮವನ್ನು ನಾನು ಹೀಗೆ ಮುರಿದೆ.

ಎರಡು ಕಡೆಯವರೂ ಮಾತಾಡಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕಲಿಲ್ಲ. ಆಮೇಲೆ ಅಧ್ಯಕ್ಷ, ಪರವಾಗಿರುವವರು ಕೈ ಎತ್ತಿ ಎಂದ. ಮಾರ್ಗ್ರಿಟ್ ಕೈ ಎತ್ತಿದರು. ನನ್ನದೂ ಎದ್ದಿತು.

ಬೇಕೆಂದು ಎತ್ತಿದ್ದಲ್ಲ. ನಮ್ಮ ಸಭೆಗಳಲ್ಲಿ ಪಕ್ಕದವರು ಕೈ ಎತ್ತಿದಾಗ ಎತ್ತದೆ ಕೂತರೆ ಅವರ ಮೇಲೆ ಸಿಟ್ಟಿದೆ ಎಂದು ಅರ್ಥ. ವಿಷಯ ಏನೆಂಬುದು ಆಮೇಲಿನ ಮಾತು. ಇಷ್ಟು ವರ್ಷ ಹೀಗೇ ಎತ್ತಿ ಎತ್ತಿ ನನ್ನ ಕೈಗೆ ರೂಢಿಯಾಗಿಬಿಟ್ಟಿದೆ. ಎಣಿಸುವವರು ಸಾಲಿನ ತುದಿಯಿಂದ ಬೆರಳು ಆಡಿಸುತ್ತ ಹೋದರು. ಪರವಾಗಿ ಅರವತ್ತೆರಡು, ವಿರುದ್ಧ ಅರವತ್ತೊಂದು.

ಮಾರ್ಗ್ರಿಟ್ ಅವರ ಮುಖ ಅರಳಿತು. ನನ್ನ ಕೈ ಹಿಡಿದು ಅದುಮಿದರು. ಅದುಮಿದ ಕೈಯನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ನಿಂತು ಅಧ್ಯಕ್ಷನಿಗೆ ಎರಡು ಮಾತು ಹೇಳಿದರು. ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಗೋಡೆಯ ಪಕ್ಕದಿಂದ ವೀಣಾ ತಲೆ ಹಿಡಿದುಕೊಂಡದ್ದು ಕಾಣಿಸಿತು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

ಮತ್ತೊಮ್ಮೆ ಎಣಿಸಿದರು. ಅರವತ್ತೊಂದು, ಅರವತ್ತೊಂದು. ಸಮವಾದಾಗ ಅಧ್ಯಕ್ಷ ಯಾವ ಕಡೆಯೋ ಆ ಕಡೆ ಗೆಲುವು. ಆತ ವಿರುದ್ಧವಿದ್ದ. ಎರಡು ವರ್ಷದ ಓಡಾಟ ಅಲ್ಲಿಗೆ ಮುಗಿಯಿತು.

ಸಭೆಯ ನಂತರ ಚೀಸು, ದ್ರಾಕ್ಷಾರಸ ಹಂಚಿದರು. ಗೆದ್ದ ಕಡೆಯ ಒಬ್ಬ ಧಡೂತಿ ಮನುಷ್ಯ ಮಾರ್ಗ್ರಿಟ್ ಅವರಿಗೆ ಲೋಟ ತುಂಬಿ ಕೊಟ್ಟು, ಮುಂದಿನ ವರ್ಷ ಈ ವಿಷಯ ಮತ್ತೆ ತನ್ನಿ ಎಂದನಂತೆ. ನಾನು ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಯಾರೂ ಕಂಡಿರಲಿಲ್ಲ, ಸುಮ್ಮನಿದ್ದರೆ ಆಗುತ್ತಿತ್ತಲ್ಲ ಎಂದು ವೀಣಾ ಮೂಲಕ ಕೇಳಿಸಿದೆ. "ನಾನು ಕಂಡಿದ್ನಲ್ಲ ಅಂತಾರೆ" ಎಂದರು ವೀಣಾ.

ಎರಡು ದಿನದ ಮೇಲೆ

ಅಷ್ಟರೊಳಗೆ ನಾಗವೇಣಿ ಒಂದು ಕೆಲಸ ಮಾಡಿದ್ದಳು. ನಾನು ಕೈ ಎತ್ತಿ ಕೂತದ್ದನ್ನು ಫೋಟೋ ಹಿಡಿದು ನನಗೆ ಕಳಿಸಿದ್ದಳು. ನಾನು ಅದನ್ನು, ನಡೆದದ್ದೇನೂ ಹೇಳದೆ, ನಮ್ಮ ಮನೆಯವರಿಗೆ ಕಳಿಸಿದ್ದೆ. ಅವರು ಹೆಮ್ಮೆಯಿಂದ ಊರ ವಾಟ್ಸಾಪ್ ಗ್ರೂಪಿಗೆ ಹಾಕಿದ್ದರು. ಬೆಳಿಗ್ಗೆ ನಾವು ಚಹಾ ಕುಡಿಯುತ್ತಿದ್ದಾಗ ಅವರ ಫೋನು ಬಂತು.

"ಶರಣೀ, ಊರಾಗ ದೊಡ್ಡ ಗದ್ದಲ ಆಗೈತಿ. ನೀ ಗಾಯರಾಣ ಕೊಟ್ಟೀಯಂತ."

ಗಾಯರಾಣವೆಂದರೆ ಊರ ದನ, ಕುರಿ ಮೇಯುವ ಸರ್ಕಾರಿ ಭೂಮಿ. ನಮ್ಮೂರಲ್ಲಿ ಹತ್ತಾರು ಮನೆಗಳು ಅದನ್ನೇ ನಂಬಿ ಕುರಿ ಸಾಕಿವೆ. ಅಲ್ಲಿ ಕರೆಂಟು ತಯಾರಿಸುವ ಗಾಳಿ ಫ್ಯಾನುಗಳನ್ನು ನಿಲ್ಲಿಸಬೇಕೆಂದು ಒಂದು ಕಂಪನಿ ಕೇಳಿತ್ತು. ಪಂಚಾಯಿತಿಯ ಅಭಿಪ್ರಾಯ ಕೇಳಿ ನಮಗೆ ಪತ್ರ ಬಂದಿತ್ತು. ಈಗ ನನ್ನ ಫೋಟೋಗೆ ಯಾರೋ ಒಂದು ದನಿ ಜೋಡಿಸಿದ್ದರು. ಮನೆಯವರು ಅದನ್ನು ಕೇಳಿಸಿದರು: "ನೋಡ್ರಪಾ ನೋಡ್ರಿ, ಫಾರಿನ್ ಕಂಪನಿ ಮೀಟಿಂಗಿನ್ಯಾಗ ಗಾಯರಾಣ ಕೊಡಾಕ ಕೈ ಎತ್ಯಾಳ ನಮ್ಮ ಅಧ್ಯಕ್ಷಿ. ಕುರಿ ಇದ್ದವ್ರು ಇನ್ನ ಕುರಿ ಮಾರಿಕೊಳ್ರಿ."

ಫೋಟೋ ನಿಜ. ಕೈ ನಿಜ. ಮೀಟಿಂಗೂ ನಿಜ. ನಾಗವೇಣಿ ಸಿಟ್ಟಿಗೆ ಕೆಂಪಾದಳು, ನಾನು ಹೆದರಿ ತಣ್ಣಗಾದೆ.

ಒಂದೇ ದಿನದಲ್ಲಿ ಗ್ರೂಪು ಎರಡಾಗಿತ್ತು. ನಂಬಿದವರು ಹೊಸ ಗ್ರೂಪು ಮಾಡಿಕೊಂಡು ನಂಬದವರನ್ನು ಹೊರಗೆ ಹಾಕಿದ್ದರು. ಹಳೆಯದರಲ್ಲಿ ನಂಬದವರು ಉಳಿದು ನಂಬಿದವರನ್ನು ಬೈಯುತ್ತಿದ್ದರು. ಇವರ ಬೈಗುಳ ಅವರಿಗೆ ಕೇಳದು, ಅವರದು ಇವರಿಗೆ ಕೇಳದು. ಆದರೂ ಗಿರಣಿಯಲ್ಲಿ ಹಿಟ್ಟಿನ ಸರದಿಗೆ ನಿಂತಾಗ ಮುಖ ತಿರುಗಿಸಿಕೊಳ್ಳುತ್ತಿದ್ದರಂತೆ.

"ದ್ಯಾಮವ್ವ ಏನಂತಾಳ?" ಎಂದು ಕೇಳಿದೆ.

ಮನೆಯವರು ದನಿ ಇಳಿಸಿದರು. "ಆಕಿಗೆ ಗಿರಣ್ಯಾಗ ಯಾರೋ ಅದನ್ನ ಕೇಳಿಸ್ಯಾರ. ನಿನ್ನಿ ಹಾಲು ಕೊಡಾಕ ಬರಲಿಲ್ಲ."

ದ್ಯಾಮವ್ವ ಕುರಿ ಸಾಕಿದವಳು, ನಮ್ಮ ಮನೆಗೆ ಎಮ್ಮೆ ಹಾಲು ಕೊಡುವವಳು. ಚುನಾವಣೆಯಲ್ಲಿ ನನ್ನನ್ನು ಕರೆದುಕೊಂಡು ಮನೆಮನೆ ತಿರುಗಿ, ಇವಳು ನಮ್ಮಾಕಿ ಎಂದು ಹೇಳಿದವಳು. ಅವಳು ನಂಬಿದಳೆಂದರೆ ನನಗೆ ಊರಿನಲ್ಲಿ ಉಳಿದದ್ದು ಕುರ್ಚಿ ಮಾತ್ರ.

ಹಿತ್ತಲ ಬೆಂಚು

"ಠರಾವು ಫೋಟೋ ಹಾಕಿಬಿಡ್ರಿ ಅಕ್ಕಾ" ಎಂದು ನಾಗವೇಣಿ ದಿನವಿಡೀ ಬೆನ್ನುಹತ್ತಿದಳು. "ಗಾಯರಾಣ ಕೊಡಂಗಿಲ್ಲ ಅಂತ ಗ್ರಾಮಸಭ್ಯಾಗ ಠರಾವು ಮಾಡೀರಿ, ಊರ ಮಂದಿ ಸಹಿ ಐತಿ. ಹಾಕಿದ್ರ ಎಲ್ಲಾರ ಬಾಯಿ ಬಂದ್."

ಅವಳು ಹೇಳಿದ್ದು ಸರಿ. ಠರಾವು, ಅಂದರೆ ಸಭೆಯ ನಿರ್ಣಯ, ಇತ್ತು. ಕೊಡುವುದಿಲ್ಲ ಎಂದೇ ಬರೆದಿತ್ತು. ಕೆಳಗೆ ಎಂಬತ್ತಕ್ಕೂ ಹೆಚ್ಚು ಸಹಿ, ಹೆಬ್ಬೆಟ್ಟು ಇದ್ದವು. ಆದರೆ ಆ ಗ್ರಾಮಸಭೆ ನಡೆದೇ ಇರಲಿಲ್ಲ.

ನಮ್ಮಲ್ಲಿ ಇದು ಗುಟ್ಟೇನಲ್ಲ. ಸಭೆಗೆ ಕರೆದರೆ ಜನ ಬರುವುದಿಲ್ಲ. ಬಂದವರು ಸಾಲದೆ ಹೋದರೆ ಸಭೆ ನಡೆಯುವುದಿಲ್ಲ. ಅದಕ್ಕೆ ನಾವು ಕಂಡುಕೊಂಡ ದಾರಿ ಎಂದರೆ, ರಿಜಿಸ್ಟರನ್ನೇ ಜನರ ಹತ್ತಿರ ಕಳಿಸುವುದು. ನೀರು ಬಿಡುವವನು ಅದನ್ನು ಬಗಲಲ್ಲಿಟ್ಟುಕೊಂಡು ಮನೆಮನೆಗೆ ಹೋಗುತ್ತಾನೆ. ಯಾತಕ್ಕೆ ಎಂದು ಕೇಳಿದರೆ, ನಲ್ಲಿ ಕೆಲಸಕ್ಕೆ ಎನ್ನುತ್ತಾನೆ. ಹಾಗೆ ಹೇಳು ಎಂದು ನಾನೇ ಹೇಳಿದ್ದೆ. ಗಾಯರಾಣ ಎಂದರೆ ನೂರು ಪ್ರಶ್ನೆ ಬರುತ್ತವೆ, ಹೇಗೂ ಒಳ್ಳೆಯ ಠರಾವೇ ಅಲ್ಲವೇ ಎಂದುಕೊಂಡಿದ್ದೆ. ಈಗ ಊರಲ್ಲಿ ಎಂಬತ್ತು ಜನ ಗಾಯರಾಣ ಕೊಡೆವು ಎಂದು ಸಹಿ ಹಾಕಿದ್ದಾರೆ, ಒಬ್ಬರಿಗೂ ಅದು ಗೊತ್ತಿಲ್ಲ. ನಾನು ಬೇಡವೆಂದದ್ದನ್ನು ಕಿವಿಯಾರೆ ಕೇಳಿದವರು ಒಬ್ಬರಿಲ್ಲ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಾನು ಚುನಾವಣೆಗೆ ನಿಂತಾಗ, ಎದುರು ನಿಂತವಳಿಗೆ ಸಹಿ ಮಾಡಲೂ ಬರುವುದಿಲ್ಲ ಎಂದು ಫೋನುಗಳಲ್ಲಿ ಹಬ್ಬಿತ್ತು. ಅವಳು ಹತ್ತನೆಯ ತರಗತಿ ಪಾಸಾದದ್ದು ನನಗೆ ಗೊತ್ತಿತ್ತು. ಹಬ್ಬಿಸಿದವಳು ನಾನಲ್ಲ. ಆದರೆ ಸುಮ್ಮನಿದ್ದೆ, ಗೆದ್ದೆ. ಅದು ಆ ದಿನ ಮಾರ್ಗ್ರಿಟ್ ಅವರ ಹಿತ್ತಲ ಬೆಂಚಿನಲ್ಲಿ ಕೂತಾಗ ನೆನಪಾಯಿತು.

ಮಾರ್ಗ್ರಿಟ್ ಬಂದು ಪಕ್ಕದಲ್ಲಿ ಕೂತರು. ವೀಣಾ ಅವರಿಗೆ ಎಲ್ಲವನ್ನೂ ಹೇಳಿದ್ದರು. ಮಾರ್ಗ್ರಿಟ್ ತಮ್ಮ ತಂಗಿಯ ವಿಷಯ ತೆಗೆದರು. ತಂಗಿ ಪಕ್ಕದ ಕಣಿವೆಯಲ್ಲೇ ಇದ್ದಾಳೆ. ಕೊರೊನಾ ಕಾಲದಲ್ಲಿ ಲಸಿಕೆಯ ಬಗ್ಗೆ ಯಾರೋ ಕಳಿಸಿದ ವಿಡಿಯೋಗಳನ್ನು ನಂಬಿದಳು. ಅವಳು ಒಂದು ಕಳಿಸಿದರೆ ಇವರು ಅದು ಸುಳ್ಳೆಂದು ತೋರಿಸುವ ಹತ್ತು ಕಳಿಸಿದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಅವರು ಕಳಿಸಿದ್ದೆಲ್ಲ ಸರಿಯಾಗೇ ಇತ್ತಂತೆ" ಎಂದು ವೀಣಾ ಮೆಲ್ಲಗೆ ಹೇಳಿದರು. "ಆದ್ರೆ ಬಸ್ಸಲ್ಲಿ ಇಪ್ಪತ್ತು ನಿಮಿಷದ ದಾರಿ, ಒಂದು ಸಲಾನೂ ಹೋಗ್ಲಿಲ್ಲ ಅಂತಾರೆ."

ಮಾರ್ಗ್ರಿಟ್ ಗುಡ್ಡದ ಕಡೆ ನೋಡುತ್ತಿದ್ದರು. ನನಗೆ ಆ ಹೆಂಗಸಿನ ಮೇಲೆ ಬಹಳ ಪ್ರೀತಿ ಬಂತು. ನಾಗವೇಣಿಯನ್ನು ಕರೆದು, ಠರಾವಿನ ಫೋಟೋ ಹಾಕುವುದಿಲ್ಲ, ಇನ್ನು ಆ ಮಾತು ತೆಗೆಯಬೇಡ ಎಂದೆ.

"ಮತ್ತ ಏನ್ ಮಾಡ್ತೀರಕ್ಕಾ?"

"ಸಭಾ ಮಾಡ್ತೀನಿ. ಖರೇ ಸಭಾ."

ಕುಷ್ಟಗಿಯಿಂದ ಆಚೆ

ಕುಷ್ಟಗಿಯಲ್ಲಿ ಬಸ್ಸಿಳಿದು ಊರಿಗೆ ಟಂಟಂ ಆಟೋ ಹಿಡಿದಾಗ, ಒಳಗಿದ್ದ ಐದು ಜನರಲ್ಲಿ ಮೂವರು ನಕ್ಕರು, ಇಬ್ಬರು ಹೊರಗೆ ನೋಡಿದರು. ಯಾರು ಯಾವ ಗ್ರೂಪೆಂದು ಕೇಳುವ ಅಗತ್ಯವಿರಲಿಲ್ಲ. ಮಳೆ ಬಿದ್ದು ಹೆಸರುಕಾಳು ಬಿತ್ತಿದ ಹೊಲಗಳು ಹಸಿರಾಗಿದ್ದವು. ನಾನು ಮನೆಗೆ ಹೋಗದೆ, ಸೂಟ್‌ಕೇಸ್ ಎಳೆದುಕೊಂಡು ನೇರವಾಗಿ ದ್ಯಾಮವ್ವನ ಮನೆಗೆ ಹೋದೆ.

ಅವಳು ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ನನ್ನನ್ನು ನೋಡಿ ಬಾ ಎನ್ನಲಿಲ್ಲ.

"ಯಕ್ಕಾ, ನಾ ಗಾಯರಾಣ ಕೊಟ್ಟಿಲ್ಲ" ಎಂದೆ.

"ಮತ್ತ ಕೈ ಯಾಕ ಎತ್ತಿದಿ?"

ರಸ್ತೆಯ ಕಥೆ, ಅರವತ್ತೆರಡರ ಕಥೆ ಹೇಳಿದೆ. ನಂಬಿದಳೋ ಇಲ್ಲವೋ ಮುಖದಲ್ಲಿ ತಿಳಿಯಲಿಲ್ಲ.

"ಕೊಡಂಗಿಲ್ಲ ಅಂತ ಠರಾವು ಮಾಡೀನಿ ಯಕ್ಕಾ. ಅದರಾಗ ನಿನ್ನ ಹೆಬ್ಬೆಟ್ಟೂ ಐತಿ."

ಅವಳ ಕೈ ನಿಂತಿತು. "ನಂದು? ಯಾವಾಗ ಒತ್ತೀನಿ?"

"ನೀರು ಬಿಡಾವ ರಿಜಿಸ್ಟರ್ ತಂದಿದ್ನಲ್ಲ."

"ಅದು ನಳದ ಕೆಲಸಕ್ಕ ಅಂದಿದ್ದ."

"ನಾನ ಹಂಗ ಹೇಳಿಸಿದ್ದೆ."

ಇಷ್ಟು ಹೇಳಲು ನನಗೆ ಏಳು ಸಮುದ್ರ ದಾಟಿದಷ್ಟು ಕಷ್ಟವಾಯಿತು. ದ್ಯಾಮವ್ವ ಎದ್ದು ಕೈ ಕೊಡವಿದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಫೋನಿನ್ಯಾಗಿನಾವ ಸುಳ್ಳ ಹೇಳ್ಯಾನ, ಒಪ್ಪಿದೆ" ಎಂದಳು. "ನೀನೂ ಹೇಳೀದಿ. ನಾ ಯಾರನ್ನ ನಂಬಲಿ? ಅವನ ಮಾತಾದ್ರ ಗಿರಣ್ಯಾಗ ಎಲ್ಲಾರ ಮುಂದ ಕೇಳೈತಿ. ನೀ ನನಗ ಹೇಳಾಕೂ ಬರಲಿಲ್ಲ."

"ಈಗ ಬಂದೀನಿ."

"ನನಗೊಬ್ಬಾಕಿಗೆ ಹೇಳಿದ್ರ ಆತೇನು? ಎಲ್ಲಾರ ಮುಂದ ಹೇಳು. ಆಮ್ಯಾಲ ನೋಡೂಣು."

ಶಾಲೆಯ ಅಂಗಳ

ಗ್ರೂಪಿನಲ್ಲಿ ಹಾಕಲಿಲ್ಲ. ಡಂಗುರ ಸಾರಿಸಿದೆ. ಎಂಟು ದಿನ ದಿನಕ್ಕೊಂದು ಓಣಿಯಂತೆ ತಿರುಗಿದೆ. ನಂಬಿದವರ ಮನೆಗೂ ಹೋದೆ, ನಂಬದವರ ಮನೆಗೂ ಹೋದೆ. ಕೆಲವರು ಬಾಗಿಲು ತೆರೆಯಲಿಲ್ಲ. ಹೊರಗಿನಿಂದಲೇ, ಗಾಯರಾಣದ ಸಭೆ ಇದೆ, ಬರ್ರಿ ಎಂದು ಕೂಗಿ ಬಂದೆ. ಎದುರು ನಿಂತು ಸೋತವಳ ಮನೆಗೂ ಹೋದೆ. ಆ ಸಹಿಯ ಮಾತು ಸುಳ್ಳೆಂದು ಗೊತ್ತಿದ್ದೂ ಸುಮ್ಮನಿದ್ದೆ, ತಪ್ಪಾಯಿತು ಎಂದೆ. ಅವಳು ಒಂದು ಬಟ್ಟಲು ಚಹಾ ಕೊಟ್ಟಳು. ಅದನ್ನು ಕುಡಿದು, ಸಭೆಯಲ್ಲಿ ಕೈ ಎಣಿಸಲು ಬಾ ಎಂದು ಕರೆದು ಬಂದೆ.

ಹಿಂದಿನ ಸಭೆ ನಡೆದಿರಲಿಲ್ಲ ಎಂದು ರಿಜಿಸ್ಟರಿನಲ್ಲಿ ಬರೆಯಬೇಕೆಂದಾಗ ಪಂಚಾಯಿತಿಯ ಅಧಿಕಾರಿ ಪಿಡಿಒ ಸಾಹೇಬರು ಬೆವತರು. "ಮೇಡಂ, ಇದು ನನ್ನ ನೌಕರಿಗೆ ಬರ್ತೈತ್ರಿ. ನಿಮ್ಮ ಕುರ್ಚಿಗೂ ಬರ್ತೈತ್ರಿ."

"ಮೊದಲ ಸಹಿ ನಂದ ಇರ್ತೈತ್ರಿ ಸಾಹೇಬ್ರ. ಮನಿಮನಿಗೆ ಕಳಿಸಿದಾಕಿ ನಾನಂತ ಬರೀರಿ" ಎಂದೆ.

ಸಭೆಯ ದಿನ ಶಾಲೆಯ ಅಂಗಳ ತುಂಬಿತು. ಬೇವಿನ ಗಿಡದ ಈ ಕಡೆ ಒಂದು ಗ್ರೂಪು, ಆ ಕಡೆ ಒಂದು ಗ್ರೂಪು. ನಾನು ನಿಂತು, ಕಂಪನಿಯ ಪತ್ರ ಓದಿಸಿದೆ. ಹಳೆಯ ಠರಾವು ಓದಿಸಿದೆ. ಅದು ಹೇಗಾಯಿತು ಎಂಬುದನ್ನೂ ಬಿಡಿಸಿ ಹೇಳಿದೆ. ಹಿಂದಿನಿಂದ ಒಬ್ಬ, "ಅಂದ್ರ ನಮ್ಮ ಸಹಿ ಕದ್ದೀರಿ" ಎಂದು ಕೂಗಿದ. ಹೌದು ಎಂದೆ. ಸ್ವಲ್ಪ ಹೊತ್ತು ದೊಡ್ಡ ಗದ್ದಲವಾಯಿತು. ಫೋನಿನಲ್ಲಿ ಮಾತಾಡಿದವನೂ ಅಲ್ಲಿದ್ದ, ದನಿಯಿಂದಲೇ ಊರಿಗೆಲ್ಲ ಅವನ ಗುರುತು ಸಿಕ್ಕಿತ್ತು. ಕೇಳಿದ್ದಕ್ಕೆ, "ನಾ ಕಂಡಿದ್ದು ಹೇಳೀನಿ, ಕೈ ಎತ್ತಿದ್ದು ಸುಳ್ಳೇನು?" ಎಂದು ಕೂತುಬಿಟ್ಟ. ಕ್ಷಮೆ ಕೇಳಲಿಲ್ಲ, ನಾನೂ ಹಟ ಮಾಡಲಿಲ್ಲ. ಅವತ್ತು ತಪ್ಪು ಒಪ್ಪಿಕೊಳ್ಳುವ ಸರದಿ ನನ್ನದಾಗಿತ್ತು.

ಗಾಯರಾಣ ಕೊಡಬಾರದು ಎನ್ನುವವರು ಕೈ ಎತ್ತಿ ಎಂದು ಪಿಡಿಒ ಕೇಳಿದಾಗ ಗಿಡದ ಎರಡೂ ಕಡೆ ಕೈಗಳು ಎದ್ದವು. ಎಣಿಸಲು ನಿಂತವರು ದ್ಯಾಮವ್ವ ಮತ್ತು ಚುನಾವಣೆಯಲ್ಲಿ ಸೋತವಳು. ದ್ಯಾಮವ್ವ ಒಬ್ಬೊಬ್ಬರ ಮುಂದೆ ನಿಂತು, "ಯಾತಕ್ಕ ಎತ್ತೀಯಂತ ಗೊತ್ತೈತೇನು?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದಳು. ನಾಲ್ವರು ಗೊತ್ತಿಲ್ಲವೆಂದು ಕೈ ಇಳಿಸಿದರು. ಅವರಿಗೆ ಮತ್ತೊಮ್ಮೆ ಪತ್ರ ಓದಿ ಹೇಳಬೇಕಾಯಿತು. ಫ್ಯಾನು ಬರಲಿ ಎಂದವರೂ ಒಂಬತ್ತು ಜನ ಇದ್ದರು, ಅದನ್ನೂ ಬರೆದೆವು. ಇಳಿಬಿಸಿಲಿನ ತನಕ ಎಣಿಕೆ ನಡೆಯಿತು.

ಕೊನೆಗೆ ಪಿಡಿಒ ಬರೆದದ್ದನ್ನು ಓದಿದರು: ಹಿಂದಿನ ಸಭೆ ನಡೆದಿರುವುದಿಲ್ಲ, ಅಧ್ಯಕ್ಷರ ಸೂಚನೆಯಂತೆ ಸಹಿಗಳನ್ನು ಬೇರೆ ಕಾರಣ ಹೇಳಿ ಮನೆಮನೆಯಲ್ಲಿ ಪಡೆಯಲಾಗಿದೆ. ಅದರ ಕೆಳಗೆ ನಾನು ಸಹಿ ಮಾಡಿದೆ. ದ್ಯಾಮವ್ವ ಎರಡು ಸಲ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದಳು. ಒತ್ತಿ, ನನ್ನ ಕಡೆ ನೋಡದೆ, "ನಾಳಿಂದ ಹಾಲು ತರ್ತೀನಿ" ಎಂದು ಹೇಳಿ ಹೋದಳು.

ನಾನು ಮನೆ ಮುಟ್ಟುವಷ್ಟರಲ್ಲಿ ಆ ಪುಟದ ಫೋಟೋ ಎರಡೂ ಗ್ರೂಪುಗಳಲ್ಲಿ ಓಡಾಡುತ್ತಿತ್ತು. ಮನೆಯವರು ಬಾಗಿಲಲ್ಲೇ ಫೋನು ಹಿಡಿದು ನಿಂತಿದ್ದರು. ಫೋಟೋದ ಕೆಳಗೆ, "ಅಧ್ಯಕ್ಷಿ ಸುಳ್ಳು ಸಭಾ ಮಾಡಿದ್ದು ಒಪ್ಪಿಕೊಂಡಾಳ. ಎಲ್ಲಾರಿಗೂ ಕಳಿಸ್ರಿ" ಎಂದಿತ್ತು.

"ಯಾರ್ ಹಾಕ್ಯಾರಂತ ಗೊತ್ತಾಗೈತಿ. ತಾಲೂಕಿನ ಮಂದಿ ನೋಡೂದ್ರಾಗ ಅಳಿಸಾಕ ಹೇಳಲೇನು?" ಎಂದರು.

ನಾನು ಫೋನು ಇಸಿದುಕೊಂಡು ಒಂದೊಂದೇ ಅಕ್ಷರ ಓದಿದೆ. ಎರಡನೆಯ ಸಲವೂ ಓದಿದೆ.

"ಬ್ಯಾಡ್ರಿ, ಇದು ಖರೇ ಐತಿ" ಎಂದೆ. ಯಲಬುರ್ಗಾದ ನನ್ನ ತವರಿನ ಗ್ರೂಪಿಗೆ ಅದು ಇನ್ನೂ ಹೋಗಿರಲಿಲ್ಲ. ನಾನೇ ಕಳಿಸಿದೆ.